ಶಿಶುಶಿಕ್ಷಕಿಯರ ವೃತ್ತಿಸಾಹಿತ್ಯ: ರಾಮನಗರ ಸೀಮೆಯನ್ನು ಕುರಿತು ಒಂದು ವಿಮರ್ಶೆ

ಯಾವುದೇ ವೃತ್ತಿಯ ಇತಿಹಾಸವನ್ನು ಬರೆಯಹೊರಟವರು ಮೊದಲು ಅರಸುವುದು ಆ ವೃತ್ತಿಯವರು ತಮ್ಮ ಕೈಯಾರೆ ಬರೆದಿಟ್ಟ ಕಾಗದಪತ್ರಗಳನ್ನು. ಶಾನುಭೋಗರಿಗೆ ಕಡತಗಳುಂಟು, ವರ್ತಕರಿಗೆ ಲೆಕ್ಕದ ಪುಸ್ತಕಗಳುಂಟು, ನಾಟಿವೈದ್ಯರ ಮನೆಗಳಲ್ಲಿಯೂ ಓಲೆಗರಿಯ ಕಟ್ಟುಗಳು ದೊರೆಯುವುದುಂಟು. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವ ಶಿಕ್ಷಕಿಯರ ವಿಷಯದಲ್ಲಿ ಮಾತ್ರ ಈ ಅರಸಾಟ ಬೇಗನೆ ನಿಂತುಹೋಗುತ್ತದೆ. ಅವರಿಗಾಗಿ ಬರೆದುದು ಬೇಕಾದಷ್ಟಿದೆ. ಅವರೇ ಬರೆದುದು ಕಣ್ಣಿಗೆ ಬೀಳುವುದಿಲ್ಲ. ಈ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಈ ಕೊರತೆಯನ್ನು.

ಪರಿಶೀಲನೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇವೆ. ಈ ನಾಲ್ಕನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ ೨೦೦೭ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಾಯಿತು. ಹೆಸರುಗಳು ಬದಲಾಗುತ್ತಿರುವುದರಿಂದ ನಾವು ರಾಮನಗರ ಸೀಮೆ ಎಂಬ ಮಾತನ್ನೇ ಬಳಸುತ್ತೇವೆ. ಮಕ್ಕಳ ಆಟದ ಸಾಮಾನಿಗೆ ಹೆಸರಾದ ಊರು ಇಲ್ಲಿದೆ. ಕನ್ನಡದ ಮಕ್ಕಳ ಬಾಯಲ್ಲಿ ತಲೆಮಾರುಗಳಿಂದ ಉಳಿದಿರುವ ಪದ್ಯಗಳ ಕರ್ತೃ ಹುಟ್ಟಿದ ಊರೂ ಇಲ್ಲಿಯೇ ಇದೆ. ಶಿಶುಶಿಕ್ಷಣದ ಸಾಧನಗಳಿಗೆ ಬಡತನವಿರಬಾರದ ನೆಲವೊಂದಿದ್ದರೆ ಅದು ಇದೇ.

ಮೊದಲು ಅಧಿಕೃತ ಬರಹಗಳನ್ನು ನೋಡೋಣ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, ೨೦೨೨ರ ಅಕ್ಟೋಬರಿನಲ್ಲಿ, ಮೂರರಿಂದ ಎಂಟು ವರ್ಷದ ಮಕ್ಕಳ ಶಿಕ್ಷಣವನ್ನು ಕುರಿತ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪ್ರಕಟವಾಯಿತು. ಅದೇ ವರ್ಷ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಆಟಿಕೆಗಳ ಮೂಲಕ ಕಲಿಸುವ ಕ್ರಮವನ್ನು ವಿವರಿಸುವ ಕೈಪಿಡಿಯೊಂದನ್ನು ಹೊರತಂದಿತು. ೨೦೨೩ರ ಫೆಬ್ರವರಿಯಲ್ಲಿ ‘ಜಾದೂಯಿ ಪಿಟಾರಾ’, ಎಂದರೆ ಮಾಯಾಪೆಟ್ಟಿಗೆ, ಬಿಡುಗಡೆಯಾಯಿತು: ಆಟಿಕೆ, ಒಗಟು, ಕೈಗೊಂಬೆ, ಚಿತ್ರಪಟ, ಕತೆಪುಸ್ತಕಗಳನ್ನು ಒಂದೆಡೆ ಅಡಕಿಸಿದ ಸಂಚಯವದು. ೨೦೨೪ರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಅಂಗನವಾಡಿಗಳಿಗಾಗಿ ‘ಆಧಾರಶಿಲಾ’ ಎಂಬ ಪಠ್ಯಕ್ರಮವನ್ನು ನೀಡಿತು. ಇಷ್ಟು ಅಲ್ಪ ಅವಧಿಯಲ್ಲಿ ಇಷ್ಟೊಂದು ಗಮನ ಈ ವಯಸ್ಸಿನ ಮಕ್ಕಳ ಮೇಲೆ ಹಿಂದೆಂದೂ ಬಿದ್ದಿರಲಾರದು.

ಈ ಬರಹಗಳ ಗುಣವನ್ನು ಮುಚ್ಚಿಡಬೇಕಾಗಿಲ್ಲ. ಎಳೆಯ ಮಗುವಿನ ಕೈಗೆ ಬಳಪ ಕೊಟ್ಟು ಅಕ್ಷರ ತಿದ್ದಿಸುವ ಆತುರವನ್ನು ಇವು ಒಪ್ಪುವುದಿಲ್ಲ. ಆಟವೇ ಈ ವಯಸ್ಸಿನ ಕಲಿಕೆಯೆಂದೂ ಮನೆಮಾತೇ ಅದರ ಮಾಧ್ಯಮವೆಂದೂ ಸ್ಪಷ್ಟವಾಗಿ ಹೇಳುತ್ತವೆ. ಊರಿನ ಸಾಮಗ್ರಿಯಿಂದಲೇ ಕಲಿಕೆಯ ಸಾಧನಗಳನ್ನು ಮಾಡಿಕೊಳ್ಳಬೇಕೆಂಬ ಸಲಹೆಯೂ ಇದೆ. ಆದರೆ ಇವುಗಳ ವ್ಯಾಕರಣವನ್ನು ಗಮನಿಸಿದರೆ ಬೇರೊಂದು ಸಂಗತಿ ಗೋಚರವಾಗುತ್ತದೆ. ಇಂಥ ಕೈಪಿಡಿಗಳ ಕ್ರಿಯಾಪದಗಳು ಪ್ರಾಯಶಃ ವಿಧ್ಯರ್ಥದಲ್ಲಿಯೇ ಇರುತ್ತವೆ: ಮಾಡಿಸಿ, ಹೇಳಿಸಿ, ಗಮನಿಸಿ, ದಾಖಲಿಸಿ. ಉತ್ತಮಪುರುಷದ ವಾಕ್ಯ ಅಪರೂಪ. ಪಠ್ಯಕ್ರಮ ಚೌಕಟ್ಟಿನಲ್ಲಿ ಶಿಕ್ಷಕರ ಮಾತೆಂದು ಕೆಲವು ತುಣುಕುಗಳು ಅಲ್ಲಲ್ಲಿ ಬರುತ್ತವೆ, ನಿಜ. ಅವು ಸಿದ್ಧಾಂತಕ್ಕೆ ನಿದರ್ಶನ ಒದಗಿಸಲು ಬಂದಂತೆ ಕಾಣುತ್ತವೆಯೇ ಹೊರತು ಸಿದ್ಧಾಂತವನ್ನು ಪ್ರಶ್ನಿಸಲು ಅಲ್ಲ. ಹೇಳಿಕೊಟ್ಟ ಆಟ ಒಂದು ದಿನ ಕೆಟ್ಟಿತು, ಮಕ್ಕಳು ಎದ್ದುಹೋದರು, ಮರುದಿನ ಹೀಗೆ ಬದಲಾಯಿಸಿದೆ ಎಂದು ಒಬ್ಬ ಶಿಕ್ಷಕಿ ಹೇಳಿಕೊಳ್ಳುವ ಪುಟ ಎಲ್ಲಿಯೂ ಇಲ್ಲದಿದ್ದರೆ, ಆ ಕೈಪಿಡಿಯನ್ನು ಓದುವ ಮತ್ತೊಬ್ಬ ಶಿಕ್ಷಕಿ ತನ್ನ ಸೋಲನ್ನು ತನ್ನ ಅಯೋಗ್ಯತೆಯೆಂದು ತಿಳಿದುಕೊಳ್ಳುವುದು ಸಹಜ.

ಪೆಟ್ಟಿಗೆಯ ವಿಷಯಕ್ಕೆ ಬರೋಣ. ಶಿಶುಶಿಕ್ಷಣದ ಇತಿಹಾಸದಲ್ಲಿ ಪೆಟ್ಟಿಗೆ ಹೊಸದಲ್ಲ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ೧೮೩೭ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ಆರಂಭಿಸಿದ. ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದಿತು. ಆತ ರೂಪಿಸಿದ ಆಟಿಕೆಗಳಿಗೆ ‘ಕೊಡುಗೆ’ಗಳೆಂದು ಹೆಸರು. ಎರಡನೆಯ ಕೊಡುಗೆಯಲ್ಲಿ ಮೂರು ಮರದ ವಸ್ತುಗಳಿವೆ: ಒಂದು ಗೋಲ, ಒಂದು ಸ್ತಂಭಾಕೃತಿ, ಒಂದು ಘನ. ಗೋಲ ಉರುಳುತ್ತದೆ, ಘನ ನಿಲ್ಲುತ್ತದೆ, ನಡುವಣದು ಎರಡನ್ನೂ ಮಾಡುತ್ತದೆ. ಇದನ್ನು ಮಗು ತಾನೇ ಕಂಡುಕೊಳ್ಳಬೇಕೆಂಬುದು ಫ್ರೋಬೆಲನ ಆಶಯ. ೧೮೫೧ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮರುವರ್ಷ ಆತ ತೀರಿಕೊಂಡ. ಸುಮಾರು ಎರಡು ದಶಕಗಳ ತರುವಾಯ ಅಮೆರಿಕದಲ್ಲಿ ಮಿಲ್ಟನ್ ಬ್ರಾಡ್ಲಿ ಎಂಬ ಉದ್ಯಮಿ ಈ ಕೊಡುಗೆಗಳನ್ನು ತಯಾರಿಸಿ ಮಾರಲಾರಂಭಿಸಿದ. ಅಲ್ಲಿಂದ ಮುಂದೆ ಪೆಟ್ಟಿಗೆ ಎಲ್ಲೆಡೆ ತಲುಪಿತು. ಪೆಟ್ಟಿಗೆಯ ಜೊತೆಗೆ ಅದನ್ನು ತೆರೆಯುವ ಕ್ರಮ, ಜೋಡಿಸುವ ಕ್ರಮ, ಮುಚ್ಚುವ ಕ್ರಮವೂ ತಲುಪಿದವು. ಮಗು ಕಂಡುಕೊಳ್ಳಬೇಕಾದುದನ್ನು ಶಿಕ್ಷಕಿ ಕಂಠಪಾಠ ಮಾಡಿ ಒಪ್ಪಿಸುವ ಸ್ಥಿತಿ ಅನೇಕ ಕಡೆ ಉಂಟಾಯಿತು.

ಈ ಎರಡನೆಯ ಕೊಡುಗೆಯನ್ನು ಇಷ್ಟು ವಿಸ್ತಾರವಾಗಿ ವರ್ಣಿಸಲು ಕಾರಣವುಂಟು. ಗೋಲ ಮತ್ತು ಸ್ತಂಭಾಕೃತಿ ತಿರುಗುವ ಯಂತ್ರದಲ್ಲಿ ಕಡೆದು ತೆಗೆಯುವ ವಸ್ತುಗಳು. ಚನ್ನಪಟ್ಟಣದ ಯಾವ ಕುಶಲಕರ್ಮಿಗೂ ಇವು ಕೆಲವೇ ನಿಮಿಷಗಳ ಕೆಲಸ. ಅಲ್ಲಿಯ ಆಟಿಕೆಗೆ ಮುಖ್ಯವಾಗಿ ಬಳಸುವುದು ಆಲೆ ಮರವನ್ನು. ಹಾಲೆ ಎಂದೂ ಕರೆಯುವ ಈ ಮರಕ್ಕೂ ಆಲದ ಮರಕ್ಕೂ ಸಂಬಂಧವಿಲ್ಲ; ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಎರಡನ್ನೂ ಒಂದು ಮಾಡುವುದುಂಟು. ಬಿಳಿಯ, ಮೆತ್ತನೆಯ ಈ ಮರವನ್ನು ಒಣಗಿಸಿ, ತುಂಡು ಮಾಡಿ, ಲೇತ್ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕಡೆಗೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಟಿಪ್ಪು ಸುಲ್ತಾನನು ಪರ್ಷಿಯದಿಂದ ಕಸುಬುದಾರರನ್ನು ಕರೆಸಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂದು ಹೇಳಿಕೆಯಿದೆ. ಬಾವಾಸ್ ಮಿಯಾನ್ ಎಂಬುವರು ಜಪಾನಿನ ವಿಧಾನಗಳನ್ನು ತಂದು ಕಸುಬನ್ನು ತಿದ್ದಿದರೆಂದೂ ಹೇಳುತ್ತಾರೆ. ಮೊದಲನೆಯದನ್ನು ನಾವು ಐತಿಹ್ಯವೆಂದೇ ಎಣಿಸುತ್ತೇವೆ. ಐತಿಹ್ಯಕ್ಕೂ ಅದರದೇ ಬೆಲೆಯಿದೆ.

೨೦೦೫-೦೬ನೆಯ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ೨೦೨೧ರ ಜನವರಿಯಿಂದ ದೇಶದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣದ ಆಜ್ಞೆ ಜಾರಿಗೆ ಬಂದಾಗ ಇಂಥ ಮಾನ್ಯತೆಯುಳ್ಳ ಕರಕುಶಲ ವಸ್ತುಗಳಿಗೆ ವಿನಾಯಿತಿಯೂ ದೊರೆಯಿತು. ೨೦೨೦ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಆಟಿಕೆಗಳ ಕೇಂದ್ರಗಳನ್ನು ಹೆಸರಿಸುವಾಗ ಚನ್ನಪಟ್ಟಣವನ್ನೂ ಹೆಸರಿಸಿದರು. ಗೌರವಕ್ಕೆ ಕೊರತೆಯಿಲ್ಲ. ಆದರೆ ಹೆದ್ದಾರಿಯ ಅಂಗಡಿಯಲ್ಲಿ ತೂಗುವ ಆಟಿಕೆ ಯಾರಿಗಾಗಿ ಮಾಡಿದುದು? ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ರವಾಸಿಗಾಗಿ. ಅದೇ ಊರಿನ ಅಂಗನವಾಡಿಯ ಶಿಕ್ಷಕಿಗೆ ಇಂತಿಷ್ಟು ಗಾತ್ರದ, ಇಂತಿಷ್ಟು ತೂಕದ, ಮೂರು ವರ್ಷದ ಕೈಗೆ ಹಿಡಿಯುವ ಆದರೆ ಬಾಯಿಗೆ ಹೋಗದ ಬುಗುರಿಯೋ ಉಂಗುರವೋ ಬೇಕಾಗಿದ್ದರೆ, ಅದನ್ನು ಮಾಡಿಸಿಕೊಳ್ಳುವ ಅಧಿಕಾರ ಆಕೆಗಿಲ್ಲ. ಸಲಕರಣೆಯ ಪೆಟ್ಟಿಗೆ ಮೇಲಿನಿಂದ ಬರುತ್ತದೆ. ಕಸುಬುದಾರನಿಗೆ ತರಗತಿ ತಿಳಿಯದು. ಶಿಕ್ಷಕಿಗೆ ಕಾರ್ಖಾನೆಯ ಬಾಗಿಲು ತೆರೆದಿಲ್ಲ. ಇಬ್ಬರ ನಡುವೆ ಎರಡು ಬೀದಿಗಳ ದೂರವಿರಬಹುದು. ಆಟಿಕೆಯ ಮೂಲಕ ಕಲಿಸಿರೆಂದು ದೆಹಲಿಯ ಕೈಪಿಡಿ ಹೇಳುವಾಗ ನಮಗೆ ಈ ಎರಡು ಬೀದಿಗಳೇ ನೆನಪಿಗೆ ಬರುತ್ತವೆ.

ಬೇರೊಂದು ದಾರಿ ನಮ್ಮ ದೇಶದಲ್ಲಿ ಇರಲಿಲ್ಲವೆಂದಲ್ಲ. ಭಾವನಗರದ ದಕ್ಷಿಣಾಮೂರ್ತಿ ಬಾಲಮಂದಿರದಲ್ಲಿ ೧೯೨೦ರಿಂದ ದುಡಿದ ಗಿಜುಭಾಯಿ ಬಧೇಕಾ ಅವರು ‘ದಿವಾಸ್ವಪ್ನ’ವನ್ನು ಶಿಕ್ಷಕನೊಬ್ಬ ತನ್ನ ಪ್ರಯೋಗವನ್ನು ತಾನೇ ಹೇಳಿಕೊಳ್ಳುವ ರೂಪದಲ್ಲಿ ಬರೆದರು. ಅದು ನಾಲ್ಕನೆಯ ತರಗತಿಯ ಕತೆ, ಶಿಶುವರ್ಗದ್ದಲ್ಲ. ಆದರೂ ಅದರ ಉತ್ತಮಪುರುಷ ಇಲ್ಲಿ ಗಮನಾರ್ಹ. ಅವರೊಡನೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಅವರು ‘ಶಿಕ್ಷಣ ಪತ್ರಿಕಾ’ ಎಂಬ ಪತ್ರಿಕೆಯನ್ನು ನಡೆಸಿದರು. ೧೯೩೯ರಲ್ಲಿ ಮಾಂಟೆಸ್ಸೊರಿ ಅಮ್ಮನವರು ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ ಇಲ್ಲಿಯೇ ಉಳಿದು, ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಅವರ ಪದ್ಧತಿಗೆ ತಕ್ಕ ಸಲಕರಣೆಗಳು ಬಡಹಳ್ಳಿಗಳಿಗೆ ಎಟುಕುವಂತಿರಲಿಲ್ಲ. ತಾರಾಬಾಯಿಯವರು ೧೯೪೫ರಲ್ಲಿ ಬೋರ್ಡಿಗೂ ೧೯೫೭ರಲ್ಲಿ ಕೋಸಬಾಡಿಗೂ ಹೋಗಿ, ಅನುತಾಯಿ ವಾಘ್ ಅವರ ಜೊತೆಗೂಡಿ, ಕಲ್ಲು, ಕಪ್ಪೆಚಿಪ್ಪು, ಎಲೆ, ಬೀಜಗಳನ್ನೇ ಸಲಕರಣೆ ಮಾಡಿಕೊಂಡರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ಮಕ್ಕಳಿದ್ದ ಅಂಗಳಕ್ಕೆ ಶಾಲೆ ಹೋದುದರಿಂದ ಅದು ಅಂಗನವಾಡಿಯಾಯಿತು. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಸರ್ಕಾರ ಈ ಹೆಸರನ್ನು ಎರವಲು ಪಡೆಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಹೆಸರು ಬಂದಿತು, ಪತ್ರಿಕೆ ಬರಲಿಲ್ಲ. ಶಿಕ್ಷಕಿಯರು ಒಬ್ಬರಿಗೊಬ್ಬರು ಬರೆದುಕೊಳ್ಳುವ ರೂಢಿ ಆ ಯೋಜನೆಯ ಆರು ಸೇವೆಗಳಲ್ಲಿ ಯಾವುದಕ್ಕೂ ಸೇರಿರಲಿಲ್ಲ.

ಕರ್ನಾಟಕದಲ್ಲಿಯೇ ಮತ್ತೊಂದು ನಿದರ್ಶನವಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ರಿಷಿವ್ಯಾಲಿಯ ಕೆಲಸವನ್ನು ಕಂಡುಬಂದು, ತಾವೇ ಕಾರ್ಡುಗಳನ್ನು ಬರೆದು, ‘ನಲಿಕಲಿ’ಯನ್ನು ರೂಪಿಸಿದರು. ಬರೆದವರೇ ಕಲಿಸಿದರು, ಕಲಿಸಿ ಕೆಟ್ಟುದನ್ನು ತಿದ್ದಿದರು. ಮುಂದೆ ಅದನ್ನು ರಾಜ್ಯದಾದ್ಯಂತ ಹಬ್ಬಿಸಿದಾಗ ಕಾರ್ಡುಗಳು ಅಚ್ಚಾಗಿ, ಒಂದೇ ಬಗೆಯವಾಗಿ, ಎಲ್ಲ ಶಾಲೆಗಳಿಗೂ ಹೋದವು. ಹಾಗೆ ಹಬ್ಬಿಸಬಾರದಿತ್ತೆಂದು ನಮ್ಮ ವಾದವಲ್ಲ. ಕಾರ್ಡು ಹಬ್ಬಿದ ಹಾಗೆ ಕಾರ್ಡು ಬರೆಯುವ ಅಭ್ಯಾಸ ಹಬ್ಬಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ. ಫ್ರೋಬೆಲನ ಕೊಡುಗೆಗಳಿಗೆ ಆದುದೂ ಇದೇ ಗತಿ.

ರಾಮನಗರದಲ್ಲಿ ಹುಟ್ಟಿದ ಜಿ. ಪಿ. ರಾಜರತ್ನಂ ಅವರನ್ನು ನಮ್ಮ ವಿದ್ಯಾರ್ಥಿಗಳು ರತ್ನನ ಪದಗಳ ಕವಿಯೆಂದೂ ಕಾಲೇಜಿನ ಕನ್ನಡ ಅಧ್ಯಾಪಕರೆಂದೂ ಬಲ್ಲರು. ಅವರು ಎಂ. ಎ. ಮುಗಿಸಿದ ಹೊಸದರಲ್ಲಿ ತಮ್ಮ ತಂದೆಯ ಶಾಲೆಯ ಶಿಶುವಿಹಾರದಲ್ಲಿ ಪಾಠ ಹೇಳಿದವರೆಂಬುದನ್ನು ನೆನೆಯುವವರು ಕಡಿಮೆ. ಅಲ್ಲಿ ಕೈಗೆ ಸಿಕ್ಕ ಪದ್ಯಗಳು ಮಕ್ಕಳಿಗೆ ಒಗ್ಗಲಿಲ್ಲವೆಂದು ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’ಯ ಹುಟ್ಟು ಅಲ್ಲಿ. ಎಂದರೆ ಆ ಸಂಗ್ರಹ ಕವಿಯ ಏಕಾಂತದ ಫಲವಾಗಿರುವಷ್ಟೇ ಶಿಶುಶಿಕ್ಷಕನೊಬ್ಬನ ವೃತ್ತಿಸಾಧನವೂ ಹೌದು. ಒಂದು ಪದ್ಯ ಏಕೆ ಒಗ್ಗಲಿಲ್ಲ, ಮತ್ತೊಂದು ಏಕೆ ಒಗ್ಗಿತು, ಮಕ್ಕಳು ಯಾವ ಪ್ರಾಸಕ್ಕೆ ತಲೆಯೆತ್ತಿದರು ಎಂಬ ತಿಳಿವಳಿಕೆ ಅದರ ಹಿಂದಿದೆ. ಪದ್ಯಗಳು ಪಠ್ಯಪುಸ್ತಕಗಳನ್ನು ಸೇರಿದವು. ಅವು ಹುಟ್ಟಿದ ತರಗತಿಗೆ ನಮ್ಮ ಶಿಕ್ಷಕರ ಕೈಪಿಡಿಗಳಲ್ಲಿ ಸ್ಥಳ ದೊರೆಯಲಿಲ್ಲ. ಕನ್ನಡದಲ್ಲಿ ಪಂಜೆ ಮಂಗೇಶರಾಯರಿಂದ ಮೊದಲ್ಗೊಂಡು ಮಕ್ಕಳಿಗಾಗಿ ಬರೆದವರ ಪರಂಪರೆ ಸಮೃದ್ಧವಾಗಿದೆ, ಪಂಜೆಯವರೂ ಶಿಕ್ಷಣ ಇಲಾಖೆಯಲ್ಲಿ ದುಡಿದವರೇ. ಮಕ್ಕಳ ಶಿಕ್ಷಕಿಗಾಗಿ, ಅದಕ್ಕಿಂತ ಮಿಗಿಲಾಗಿ ಶಿಕ್ಷಕಿಯಿಂದ, ಬಂದ ಬರಹದ ಪರಂಪರೆ ಮಾತ್ರ ಬೆಳೆಯಲಿಲ್ಲ.

ಬರೆಯುವವರೇ ಇಲ್ಲವೆಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು. ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿಯ ಶಿಕ್ಷಕಿಯೊಬ್ಬರು ನಮಗೆ ತಮ್ಮದೊಂದು ಇನ್ನೂರು ಪುಟದ ಗೆರೆಪುಸ್ತಕವನ್ನು ತೋರಿಸಿದರು. ಅದರ ಮೊದಲ ಭಾಗವನ್ನು ಅವರಿಗಿಂತ ಮುಂಚೆ ಅಲ್ಲಿದ್ದವರ ಪುಸ್ತಕದಿಂದ ನಕಲು ಮಾಡಿಕೊಂಡದ್ದು, ಉಳಿದುದು ಅವರದೇ. ಹಾಡುಗಳು, ಕೈಸನ್ನೆಯ ಆಟಗಳು, ಬೆರಳ ಮೇಲೆ ಹೇಳುವ ಕತೆಗಳು ಸಾಲಾಗಿವೆ. ನಮಗೆ ಮುಖ್ಯವಾಗಿ ಕಂಡುದು ಅಂಚಿನಲ್ಲಿರುವ ಸಣ್ಣಕ್ಷರದ ಟಿಪ್ಪಣಿಗಳು. ಒಂದು ಓಟದ ಆಟದ ಬದಿಗೆ, ಮಳೆಯ ದಿನ ಇದು ಬೇಡವೆಂದಿದೆ. ಒಂದು ಕತೆಯ ಬದಿಗೆ, ತಾಯಿ ಸತ್ತ ಮಗು ಇದ್ದರೆ ಕೊನೆಯನ್ನು ಬದಲಿಸಬೇಕೆಂದಿದೆ. ಮತ್ತೊಂದೆಡೆ, ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ವಾರದಲ್ಲಿ ಮಕ್ಕಳು ನಿದ್ದೆಗೆಟ್ಟು ಬರುತ್ತಾರೆ, ಹೊಸದೇನನ್ನೂ ಕಲಿಸಬಾರದು ಎಂದಿದೆ. ರೇಷ್ಮೆಯ ಮನೆಗಳಲ್ಲಿ ಆ ದಿನಗಳಂದು ರಾತ್ರಿಯೆಲ್ಲ ದೀಪ ಉರಿಯುತ್ತದೆಂಬುದನ್ನು ಬಲ್ಲವರಿಗೆ ಈ ಟಿಪ್ಪಣಿಯ ಬೆಲೆ ತಿಳಿದೀತು. ಎಣಿಕೆಗೆ ಹುಣಿಸೆಬೀಜವನ್ನೂ ಮಾರಾಟಕ್ಕೆ ಬಾರದ ರೇಷ್ಮೆಗೂಡನ್ನೂ ಬಳಸಿದ್ದಾರೆ. ಗೂಡು ಹಗುರವಾದ್ದರಿಂದ ಗಾಳಿಗೆ ಹಾರಿಹೋಗುತ್ತದೆ, ಮಣ್ಣಿನ ತಟ್ಟೆಯಲ್ಲಿ ಇಡಬೇಕು ಎಂದು ಸೂಚನೆಯೂ ಇದೆ. ದೇಶಕ್ಕೆಲ್ಲ ಒಂದಾಗಿ ಬರೆದ ಯಾವ ಕೈಪಿಡಿಗೂ ಈ ವಾಕ್ಯ ಹೊಳೆಯಲಾರದು.

ಆ ಪುಸ್ತಕವನ್ನು ಹೊಗಳಿ ಸುಮ್ಮನಾಗುವುದೂ ವಿಮರ್ಶೆಯಾಗಲಾರದು. ಅದರಲ್ಲಿ ದೋಷಗಳಿವೆ. ಹಲವು ಪುಟಗಳು ಇಂಗ್ಲಿಷ್ ಅಕ್ಷರಮಾಲೆಯ ಬಾಯಿಪಾಠಕ್ಕೆ ಮೀಸಲಾಗಿವೆ; ಪಕ್ಕದ ಕಾನ್ವೆಂಟಿಗೆ ಮಕ್ಕಳು ಹೋಗದಿರಲೆಂದು ಪೋಷಕರ ಒತ್ತಾಯಕ್ಕೆ ಹಾಗೆ ಮಾಡಿದುದಾಗಿ ಆಕೆಯೇ ಹೇಳಿದರು. ಮಾತು ತಡವಾಗಿ ಬರುವ ಮಗುವನ್ನು ‘ದಡ್ಡ’ ಎಂಬ ಒಂದೇ ಪದದಲ್ಲಿ ಗುರುತಿಸಿರುವ ಕಡೆಗಳಿವೆ. ಇಂಥ ದೋಷಗಳನ್ನು ತಿದ್ದಬಲ್ಲ ಮತ್ತೊಬ್ಬ ಶಿಕ್ಷಕಿ ಅದನ್ನು ಓದಿದ್ದರೆ ಪುಸ್ತಕ ಬೇರೆಯಾಗುತ್ತಿತ್ತು. ಯಾರೂ ಓದಲಿಲ್ಲ. ಮೇಲ್ವಿಚಾರಕಿಯರು ಬಂದಾಗ ನೋಡುವುದು ಬೇರೆ ಪುಸ್ತಕಗಳನ್ನು.

ಆ ಬೇರೆ ಪುಸ್ತಕಗಳ ಸಂಗತಿಯನ್ನೂ ಹೇಳಬೇಕು. ೨೦೧೨ರ ಸುಮಾರಿನಲ್ಲಿ ಪರಿಷ್ಕೃತವಾದ ಕ್ರಮದಂತೆ ಅಂಗನವಾಡಿಗೆ ೧೧ ದಾಖಲೆ ಪುಸ್ತಕಗಳು ನಿಗದಿಯಾದವು: ಕುಟುಂಬದ ವಿವರ, ಆಹಾರದ ದಾಸ್ತಾನು, ಆಹಾರ ವಿತರಣೆ, ಗರ್ಭಿಣಿಯರ ವಿವರ, ಲಸಿಕೆ, ಮಕ್ಕಳ ತೂಕ ಇತ್ಯಾದಿ. ೪ನೆಯ ಪುಸ್ತಕವೊಂದು ಶಾಲಾಪೂರ್ವ ಶಿಕ್ಷಣದ್ದು. ಅದೂ ಬಹುಮಟ್ಟಿಗೆ ಹಾಜರಿಯದು. ೨೦೨೧ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಬಂದಿದೆ. ತೂಕವನ್ನು ಬರೆಯುವುದು ಅನಗತ್ಯವೆಂದು ಯಾರೂ ಹೇಳಲಾರರು. ಅಪೌಷ್ಟಿಕತೆ ಇರುವ ನಾಡಿನಲ್ಲಿ ಅದು ಪ್ರಾಣದ ಪ್ರಶ್ನೆ. ಆದರೆ ಮಗು ಎಷ್ಟು ತೂಗಿತೆಂಬುದಕ್ಕೆ ಮನೆಯುಂಟು, ಏನು ಕೇಳಿತೆಂಬುದಕ್ಕೆ ಇಲ್ಲ. ೨೦೨೩ರಲ್ಲಿ ‘ಪೋಷಣ್ ಭೀ ಪಢಾಯೀ ಭೀ’ ಯೋಜನೆ, ಎಂದರೆ ಪೋಷಣೆಯ ಜೊತೆಗೆ ಓದೂ ಎಂಬುದು, ಈ ಲೋಪವನ್ನು ಒಪ್ಪಿಕೊಂಡಂತೆ ಆರಂಭವಾಯಿತು. ಅದರಲ್ಲಿ ಶಿಕ್ಷಕಿಗೆ ದೊರೆಯುವ ತರಬೇತಿ ಮೂರು ದಿನಗಳದು.

ಹಳ್ಳಿಯಲ್ಲಿ ಆಕೆಯನ್ನು ಎಲ್ಲರೂ ‘ಟೀಚರ್’ ಎಂದು ಕರೆಯುತ್ತಾರೆ. ಸರ್ಕಾರದ ಕಾಗದದಲ್ಲಿ ಆಕೆ ‘ಕಾರ್ಯಕರ್ತೆ’, ಸಂಬಳವಲ್ಲ, ಗೌರವಧನ. ಕರ್ನಾಟಕ ಸರ್ಕಾರವೇ ಮೇಲ್ಮನವಿ ಸಲ್ಲಿಸಿದ್ದ ಮೊಕದ್ದಮೆಯಲ್ಲಿ ೨೦೦೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿ ಕಾರ್ಯಕರ್ತೆಯರು ನಾಗರಿಕ ಹುದ್ದೆಯನ್ನು ಹೊಂದಿದವರಲ್ಲವೆಂದು ತೀರ್ಪಿತ್ತಿತು. ೨೦೨೨ರ ಏಪ್ರಿಲ್‌ನಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ಅವರಿಗೆ ಉಪಧನದ ಹಕ್ಕುಂಟೆಂದಿತು. ಶಾಲಾಪೂರ್ವ ಶಿಕ್ಷಣ ನೀಡುವುದು ಅವರ ಕರ್ತವ್ಯದ ಭಾಗವೆಂಬುದನ್ನೂ ಪರಿಗಣಿಸಿತು. ಎರಡು ತೀರ್ಪುಗಳ ನಡುವೆ ಹದಿನೈದು ವರ್ಷಗಳಿಗೂ ಮಿಕ್ಕ ಅಂತರವಿದೆ. ವೃತ್ತಿಯೆಂದು ಒಪ್ಪದ ಕೆಲಸಕ್ಕ��� ವೃತ್ತಿಸಾಹಿತ್ಯ ಏಕೆ ಹುಟ್ಟಲಿಲ್ಲವೆಂದು ಕೇಳುವವರು ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು.

ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಜಾನಪದ ಲೋಕವನ್ನು ಕಟ್ಟಿದರು. ಬೀಸುವ ಕಲ್ಲು, ಕೂರಿಗೆ, ಸೂತ್ರದ ಬೊಂಬೆ, ಹಾಡುಗಳ ಧ್ವನಿಮುದ್ರಿಕೆ, ಎಲ್ಲವೂ ಅಲ್ಲಿ ನೆಲೆ ಕಂಡಿವೆ. ಗೆರೆಪುಸ್ತಕದಲ್ಲಿ ಬರೆದ ಆಟ ಜಾನಪದವೂ ಅಲ್ಲ, ಸರ್ಕಾರಿ ದಾಖಲೆಯೂ ಅಲ್ಲ; ಆದ್ದರಿಂದ ಅದನ್ನು ಇಟ್ಟುಕೊಳ್ಳುವ ಮನೆಯಿಲ್ಲ. ನಮ್ಮ ಇತಿಹಾಸ ವಿಭಾಗಗಳೇ ಆ ಕೆಲಸಕ್ಕೆ ತಕ್ಕವೆಂದು ನಾವು ಭಾವಿಸುತ್ತೇವೆ. ಶಾಸನದ ಪಡಿಯಚ್ಚು ತೆಗೆಯಲು ಕಲಿತ ವಿದ್ಯಾರ್ಥಿಗೆ ಒಂದು ಪುಸ್ತಕದ ಪುಟಗಳನ್ನು ಪ್ರತಿ ಮಾಡಿ, ಬರೆದವರ ಅನುಮತಿ ಪಡೆದು, ಊರು ಮತ್ತು ವರ್ಷವನ್ನು ನಮೂದಿಸುವುದು ಕಷ್ಟವಲ್ಲ. ನಾಲ್ಕು ತಾಲ್ಲೂಕುಗಳಿಂದ ಹತ್ತಿಪ್ಪತ್ತು ಪುಸ್ತಕಗಳು ಕೂಡಿದರೂ ಅವುಗಳನ್ನು ಶಿಕ್ಷಕಿಯರೇ ಒಬ್ಬರದನ್ನು ಒಬ್ಬರು ಓದಿ ತಿದ್ದುವ ಸಣ್ಣ ಕೂಟವನ್ನು ಕರೆಯಬಹುದು. ಅಂಥ ಕೂಟಕ್ಕೆ ಚನ್ನಪಟ್ಟಣದ ಒಬ್ಬಿಬ್ಬರು ಕಸುಬುದಾರರನ್ನೂ ಕರೆಯಬೇಕೆಂದು ನಮ್ಮ ಸೂಚನೆ.

ಕನಕಪುರದ ಆ ಶಿಕ್ಷಕಿಯವರ ಪುಸ್ತಕದ ಪ್ರತಿಯನ್ನು ನಾವು ಕೇಳಿದೆವು. ಕೊಡಲು ಅಡ್ಡಿಯಿಲ್ಲವೆಂದರು, ಆದರೆ ಮೊದಲ ಭಾಗ ತಮಗಿಂತ ಮುಂಚೆ ಇದ್ದವರದು, ಅವರು ಈಗ ಮಾಗಡಿಯ ಕಡೆ ಮಗಳ ಮನೆಯಲ್ಲಿದ್ದಾರೆ, ಅವರನ್ನು ಕೇಳದೆ ಕೊಡುವುದು ಸರಿಯಲ್ಲವೆಂದರು. ಅವರ ಅನುಮತಿಗಾಗಿ ಕಾಯುತ್ತಿದ್ದೇವೆ. ಇಂಥ ಪುಸ್ತಕಗಳ ಸುಳಿವು ಬಲ್ಲ ಅಧ್ಯಾಪಕರೂ ವಿದ್ಯಾರ್ಥಿಗಳೂ ವಿಭಾಗಕ್ಕೆ ತಿಳಿಸಿದರೆ ಉಪಕಾರವಾದೀತು.